ತಂಗಿ ಕೇಳಿದ ಲಿಸ್ಟ್

ಚಿಕ್ಕಮ್ಮನ ಮಗಳು ಈಗ ಏಳು ತಿಂಗಳ ಬಸುರಿ. ಹೋದ ವಾರ ಒಂದು ಮೆಸೇಜ್ ಹಾಕಿದ್ದಳು. 'ಅಕ್ಕಾ, ಪಾಪುಗೆ ಹಾಲು ಕುಡಿಸೋಕೆ ಏನೇನು ತಗೋಬೇಕು? ಲಿಸ್ಟ್ ಕಳಿಸು. ಸೀಮಂತ ಆದ್ಮೇಲೆ ಅಮ್ಮನ ಮನೆಗೆ ಹೋಗ್ತೀನಿ, ಅಷ್ಟರಲ್ಲಿ ಎಲ್ಲಾ ಆರ್ಡರ್ ಮಾಡಿಬಿಡ್ತೀನಿ.' ಜೊತೆಗೆ ಯಾರೋ ಫಾರ್ವರ್ಡ್ ಮಾಡಿದ್ದ ಒಂದು ಪಟ್ಟಿ. 23 ಸಾಮಾನು. ಪಂಪು, ಪ್ಯಾಡು, ದಿಂಬು, ಕ್ರೀಮು, ಶೀಲ್ಡು, ಹಾಲು ತುಂಬಿಡುವ ಚೀಲ, ಬಾಟಲಿ ಕುದಿಸುವ ಮಷೀನು, ಹಾಲು ಹೆಚ್ಚಿಸುವ ಪುಡಿ. ಕೆಳಗೆ ಒಂದು ಸಾಲು: 'ಇದರಲ್ಲಿ ಯಾವುದು ಬೇಕು, ಯಾವುದು ಬೇಡ, ಟಿಕ್ ಹಾಕಿ ಕಳಿಸು ಸಾಕು.'

ಎಂಟು ದಿನ ಆಯಿತು, ಉತ್ತರ ಕೊಟ್ಟಿಲ್ಲ. ಕೊಡಬಾರದು ಅಂತಲ್ಲ. ಅದರಲ್ಲಿ ಅರ್ಧಕ್ಕರ್ಧ ಸಾಮಾನು ನಾನೇ ಬಳಸಿದ್ದೇನೆ, ಐದು ನಿಮಿಷದ ಕೆಲಸ. ಆದರೆ ಟಿಕ್ ಹಾಕಲು ಕೂತಾಗಲೆಲ್ಲ ಕೈ ನಿಲ್ಲುತ್ತದೆ. ಒಂದೊಂದು ಸಾಮಾನಿನ ಹೆಸರು ಓದಿದಾಗಲೂ ಒಬ್ಬೊಬ್ಬರ ಮುಖ ಕಣ್ಣಮುಂದೆ ಬರುತ್ತದೆ. ಅವರು ಇಲ್ಲದೆ ಹೋಗಿದ್ದರೆ ಆ ಸಾಮಾನು ನನಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದನ್ನು ಯಾವ ಲಿಸ್ಟಿನಲ್ಲಿ ಬರೆಯುವುದು?

ಮೂರನೇ ರಾತ್ರಿ

ನನ್ನ ಮಗ ಹುಟ್ಟಿದ್ದು ದಾವಣಗೆರೆಯಲ್ಲಿ, ನನ್ನ ತವರಿನಲ್ಲಿ. ಹೆರಿಗೆ ಸಲೀಸಾಯಿತು. ಕಷ್ಟ ಶುರುವಾಗಿದ್ದು ಆಮೇಲೆ. ನನ್ನ ಮೊಲೆತೊಟ್ಟು ಒಳಗೆ ಸರಿದಿದ್ದವು. ಅದೊಂದು ತೊಂದರೆ ಆಗಬಹುದು ಅಂತ ಒಂಬತ್ತು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ, ನನಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ಕೂಸು ಬಾಯಿ ತೆರೆದು ಹುಡುಕುತ್ತಿತ್ತು, ಹಿಡಿಯಲು ಏನೂ ಸಿಗದೆ ಮುಖ ತಿರುಗಿಸಿ ಅಳುತ್ತಿತ್ತು. ಆಸ್ಪತ್ರೆಯಲ್ಲಿ ಎರಡನೇ ದಿನವೇ ಡಬ್ಬಿ ಹಾಲು ಬರೆದುಕೊಟ್ಟರು. 'ಸದ್ಯಕ್ಕೆ ಇದು ಕೊಡಿ, ಆಮೇಲೆ ನೋಡೋಣ' ಅಂದರು. ಆಮೇಲೆ ಯಾರೂ ನೋಡಲಿಲ್ಲ. ಡಿಸ್‌ಚಾರ್ಜ್ ಮಾಡಿ ಮನೆಗೆ ಕಳಿಸಿದರು.

ಮೂರನೇ ರಾತ್ರಿ ಎದೆ ಕಲ್ಲಾಯಿತು. ಹಾಲು ಕಟ್ಟಿಕೊಂಡು ಕಂಕುಳವರೆಗೂ ನೋವು. ಚರ್ಮ ಬಿಗಿದು ಹೊಳೆಯುತ್ತಿತ್ತು. ಸೆರಗು ತಾಗಿದರೂ ಜೀವ ಹೋದಂತಾಗುತ್ತಿತ್ತು. ಎದೆಯಲ್ಲಿ ಅಷ್ಟು ಹಾಲು, ಮಡಿಲಲ್ಲಿ ಹಸಿದ ಕೂಸು, ನಡುವೆ ದಾರಿ ಇಲ್ಲ. ಬೆಂಗಳೂರಿಂದ ತಂದಿದ್ದ ಚೀಲದಲ್ಲಿ ತೊಟ್ಟಿನ ಮೇಲೆ ಹಾಕುವ ಸಿಲಿಕೋನ್ ಶೀಲ್ಡ್ ಇತ್ತು, ಕೈಪಂಪು ಇತ್ತು, ಕ್ರೀಮ್ ಇತ್ತು. ಡಬ್ಬದ ಮೇಲಿನ ಚಿತ್ರ ನೋಡಿ ನೋಡಿ ಎಲ್ಲ ಪ್ರಯತ್ನ ಮಾಡಿದೆ. ಶೀಲ್ಡ್ ಜಾರಿ ಬಿತ್ತು. ಪಂಪ್ ಒತ್ತಿದರೆ ಎರಡು ಹನಿ ಬಂದು ನಿಂತಿತು.

ರಾತ್ರಿ ಹನ್ನೊಂದು ಗಂಟೆಗೆ ಅಮ್ಮ ಹಿಂದಿನ ಬೀದಿಗೆ ಹೋಗಿ ಸಿಸ್ಟರಮ್ಮನನ್ನು ಕರೆದುಕೊಂಡು ಬಂದಳು. ರಿಟೈರ್ ಆಗಿದ್ದ ನರ್ಸ್. ಬೀದಿಯವರೆಲ್ಲ ಅವರನ್ನು ಹಾಗೇ ಕರೆಯುವುದು. ಬಂದವರು ಕೈ ತೊಳೆದರು. ಮಂಚದ ಪಕ್ಕ ಕೂತರು. 'ಅಳಬ್ಯಾಡವ್ವಾ. ಹಾಲು ಐತಿ, ಕೂಸೂ ಐತಿ. ದಾರಿ ಮಾಡಾದಷ್ಟೇ ಬಾಕಿ' ಅಂದರು. ಅಪ್ಪನನ್ನು ಮೆಡಿಕಲ್ ಶಾಪಿಗೆ ಕಳಿಸಿ ಹತ್ತು ಎಂಎಲ್ ಸಿರಿಂಜು, ಒಂದು ಹೊಸ ಬ್ಲೇಡು ತರಿಸಿದರು.

ಆಮೇಲೆ ಅವರು ಮಾಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಸಿರಿಂಜಿನ ಒಳಗಿನ ದಂಡವನ್ನು ಎಳೆದು ತೆಗೆದರು. ಸೂಜಿ ಸಿಕ್ಕಿಸುವ ತುದಿಯನ್ನು ಬ್ಲೇಡಿನಿಂದ ಪೂರ್ತಿ ಕೊಯ್ದರು. ಈಗ ಅದು ಎರಡೂ ಕಡೆ ಬಾಯಿರುವ ಕೊಳವೆ. ದಂಡವನ್ನು ಕೊಯ್ದ ಕಡೆಯಿಂದ ಒಳಗೆ ತೂರಿಸಿದರು. 'ಕೊಯ್ದ ಕಡೆ ಒರಟು ಇರ್ತೈತಿ, ಮೈಗೆ ಚುಚ್ಚತೈತಿ. ಅದಕ್ಕೇ ನಯ ಇರೋ ಕಡೆ ಎದಿಗೆ' ಅಂತ ನನ್ನ ಅಂಗೈ ಮೇಲೆ ಉಜ್ಜಿ ತೋರಿಸಿದರು. ನಯವಾದ ಬಾಯಿಯನ್ನು ತೊಟ್ಟಿನ ಮೇಲೆ ಇಟ್ಟು, ದಂಡವನ್ನು ನನ್ನ ಕೈಗೇ ಕೊಟ್ಟರು. ಅವರು ಎಳೆಯಲಿಲ್ಲ. 'ನಿನಗೆಷ್ಟು ನೋವಾಗತೈತಿ ಅಂತ ನನಗೇನು ಗೊತ್ತು? ನೀನೇ ಎಳಿ. ನೋವಾದರೆ ನಿಲ್ಲಿಸು' ಅಂದರು.

ಮೆಲ್ಲಗೆ ಎಳೆದೆ. ತೊಟ್ಟು ಕೊಳವೆಯೊಳಗೆ ಎದ್ದು ಬಂತು. ಅರ್ಧ ನಿಮಿಷ ಹಾಗೇ ಹಿಡಿಯಲು ಹೇಳಿದರು. ತೆಗೆಯುವ ಮೊದಲು ದಂಡವನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ಬಿಗಿ ಸಡಿಲಿಸಬೇಕು, ಇಲ್ಲದಿದ್ದರೆ ಚರ್ಮ ಹರಿಯುತ್ತದೆ. ಹೀಗೆ ಮೂರ್ನಾಲ್ಕು ಸಲ. ನಡುನಡುವೆ ಬಿಸಿನೀರಿನ ಬಟ್ಟೆ ಒತ್ತಿ, ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಬೆರಳು ಕೂಡಿಸುವುದನ್ನು ಕಲಿಸಿದರು. ಚರ್ಮದ ಮೇಲೆ ಬೆರಳು ಜಾರಬಾರದು. ತೊಟ್ಟಿನ ಸುತ್ತಲಿನ ಕಪ್ಪುಬಣ್ಣದ ಭಾಗ ಮೆತ್ತಗಾಯಿತು. ಆಗ ಕೂಸನ್ನು ಎತ್ತಿಕೊಂಡರು. ನಾನು ಕೂಸಿನ ಕಡೆ ಬಾಗಿದೆ. ಬೆನ್ನಿಗೆ ಕೈ ಕೊಟ್ಟು ತಡೆದರು. 'ಕೂಸನ್ನ ಎದಿ ಹತ್ರ ತಾ. ಎದೀನ ಕೂಸಿನ ಹತ್ರ ಒಯ್ಯಬ್ಯಾಡ.' ಮೇಲ್ದುಟಿಗೆ ತೊಟ್ಟು ತಾಗಿಸಿದರು, ಮಗು ಆಕಳಿಸುವಷ್ಟು ಬಾಯಿ ತೆರೆಯುವವರೆಗೂ ಕಾದರು. ತೆರೆದ ಕ್ಷಣವೇ ಗದ್ದ ಮೊದಲು ತಾಗುವಂತೆ ಹತ್ತಿರ ತಂದರು.

ಗುಟುಕಿನ ಸದ್ದು ಕೇಳಿಸಿತು. ಒಂದು, ನಿಂತು, ಇನ್ನೊಂದು. ಅಮ್ಮ ಬಾಗಿಲ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಆ ಸಿರಿಂಜಿನ ಉಪಾಯ ಸಿಸ್ಟರಮ್ಮನ ಕೈಚಳಕ ಅಂತ ಬಹಳ ದಿನ ಅಂದುಕೊಂಡಿದ್ದೆ. ನಾಲ್ಕೈದು ವರ್ಷ ಆದಮೇಲೆ ಓದುವಾಗ ತಿಳಿಯಿತು. ಅದು ದಾವಣಗೆರೆಯದೇ. ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿ ಮತ್ತು ಅವರ ಸಂಗಡಿಗರು 1993ರಲ್ಲಿ ಇದರ ಬಗ್ಗೆ 'ಜರ್ನಲ್ ಆಫ್ ಹ್ಯೂಮನ್ ಲ್ಯಾಕ್ಟೇಷನ್'ನಲ್ಲಿ ಬರೆದರು. ಎದೆಹಾಲಿನ ಸಲಹೆ ಕೊಡುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮಾಡಿದ ತರಬೇತಿಯಲ್ಲೂ ಈ ಸಿರಿಂಜು ಇದೆ. ಎಲ್ಲ ಊರಿನ ಮೆಡಿಕಲ್ ಶಾಪಿನಲ್ಲೂ ಸಿಗುವ, ಕೆಲವೇ ರೂಪಾಯಿಯ ವಸ್ತು. ನಮ್ಮೂರಲ್ಲಿ ಹುಟ್ಟಿದ್ದು ಜಗತ್ತೆಲ್ಲ ಸುತ್ತಿದೆ. ನಮ್ಮೂರಿನದೇ ಒಂದು ಆಸ್ಪತ್ರೆಯಲ್ಲಿ ಹೆತ್ತ ನನಗೆ ಮಾತ್ರ ಮೂರನೇ ರಾತ್ರಿಯವರೆಗೂ ಯಾರೂ ಹೇಳಿರಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ. ತಂಗಿಯ 23 ಸಾಮಾನಿನಲ್ಲೂ ಅದು ಇಲ್ಲ.

ಶೀಲ್ಡ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಕೆಲವು ಕೂಸುಗಳಿಗೆ, ಅದರಲ್ಲೂ ಬೇಗ ಹುಟ್ಟಿದವಕ್ಕೆ, ಸ್ವಲ್ಪ ದಿನ ಅದೇ ಆಸರೆಯಾಗುತ್ತದೆ. ಆದರೆ ಅಳತೆ ನೋಡಿ, ಹಾಕುವುದು ತೋರಿಸಿ, ಕೂಸಿನ ತೂಕ ಏರುತ್ತಿದೆಯಾ ಅಂತ ಗಮನಿಸುವವರು ಒಬ್ಬರು ಬೇಕು. ಡಬ್ಬದ ಮೇಲಿನ ಚಿತ್ರ ಅದನ್ನು ಮಾಡುವುದಿಲ್ಲ.

ಕೊಂಡದ್ದು, ಮನೆಯಲ್ಲೇ ಇದ್ದದ್ದು

ಬಾಣಂತನದ ಮೂರು ತಿಂಗಳಲ್ಲಿ ನನಗೆ ಅತಿ ಜಾಸ್ತಿ ಬಳಕೆಗೆ ಬಂದದ್ದು ಮುಂದೆ ಜಿಪ್ ಇರುವ ಹತ್ತಿ ನೈಟಿ. ನಾಲ್ಕು ಇದ್ದವು, ಆರಾದರೂ ಬೇಕಿತ್ತು. ಹೊರಗೆ ಹೋಗುವಾಗ ಸೀರೆ. ಸೆರಗಿಗಿಂತ ಒಳ್ಳೆ ಮರೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ ನನಗೆ. ಹಾಲು ಸೋರಿದರೆ ಹೀರಿಕೊಳ್ಳಲು ಅಂಗಡಿಯ ಪ್ಯಾಡ್ ತಂದಿದ್ದೆ. ಅದರ ಪ್ಲಾಸ್ಟಿಕ್ ಪದರದಿಂದ ಬೆವತು ಉರಿ ಬಂತು. ಅಮ್ಮ ಅಪ್ಪನ ಹಳೆ ಪಂಚೆಯನ್ನು ದುಂಡಗೆ ಕತ್ತರಿಸಿ, ನಾಲ್ಕು ಪದರ ಸೇರಿಸಿ ಅಂಚು ಹೊಲಿದುಕೊಟ್ಟಳು. ಒಗೆದು ಬಿಸಿಲಿಗೆ ಹಾಕಿದರೆ ಮುಗಿಯಿತು.

ಬಿಲ್ಲಿನ ಆಕಾರದ ದಿಂಬು ದುಡ್ಡು ಕೊಟ್ಟು ತರಿಸಿದ್ದು. ಒಳ್ಳೆಯದೇ, ಸಿಸೇರಿಯನ್ ಆದವರಿಗೆ ಹೊಲಿಗೆಯ ಮೇಲೆ ಭಾರ ಬೀಳದಂತೆ ತಡೆಯುತ್ತದೆ. ನನಗೆ ಮಾತ್ರ ಬೆನ್ನಿಗೊಂದು, ತೋಳಿಗೊಂದು ಮಾಮೂಲಿ ದಿಂಬು, ಕಾಲಿನ ಕೆಳಗೊಂದು ಮಣೆ ಇಟ್ಟಾಗ ಹೆಚ್ಚು ಆರಾಮ ಸಿಕ್ಕಿತು. ಕಾಲು ನೆಲಕ್ಕೆ ಸರಿಯಾಗಿ ತಾಗದೆ ಕೂತರೆ ಭುಜ ತಾನಾಗಿಯೇ ಬಿಗಿಯುತ್ತದೆ. ಮಣೆ ಇಟ್ಟದ್ದು ಅಜ್ಜಿ. ಹಾಗೇ ಕೈಗೆಟುಕುವ ಕಡೆ ಒಂದು ಫ್ಲಾಸ್ಕಿನಲ್ಲಿ ಬಿಸಿನೀರು. ಹಾಲು ಇಳಿಯಲು ಶುರುವಾದ ಕೂಡಲೇ ಗಂಟಲು ಒಣಗುತ್ತದೆ, ಆಗ ಎದ್ದು ಹೋಗಲು ಆಗುವುದಿಲ್ಲವಲ್ಲ.

ತೊಟ್ಟು ಸೀಳಿದಾಗ ಲ್ಯಾನೋಲಿನ್ ಕ್ರೀಮ್ ಹಚ್ಚಿದೆ, ತಂಪೆನಿಸಿತು. ಹಾಲನ್ನೇ ಎರಡು ಹನಿ ಸವರಿ ಗಾಳಿಗೆ ಆರಲು ಬಿಟ್ಟಾಗಲೂ ಅಷ್ಟೇ ತಂಪು. ಆದರೆ ಸೀಳು ವಾಸಿಯಾದದ್ದು ಕೂಸು ಹಿಡಿಯುವ ರೀತಿ ಸರಿಯಾದ ಮೇಲೆ. ಹಿಡಿತ ತಪ್ಪಿದ್ದರೆ ಎಂಥ ಕ್ರೀಮೂ ಬೆಳಗ್ಗೆ ಹಚ್ಚಿ ಮಧ್ಯಾಹ್ನ ಅಳುವ ಕತೆ. ಎದೆ ಬಿಗಿದಾಗ ಫ್ರಿಜ್ಜಿನಲ್ಲಿಟ್ಟ ಎಲೆಕೋಸಿನ ಎಲೆ ಇಟ್ಟುಕೊಂಡೆ. ಕುಡಿಸುವ ಮೊದಲು ಬಿಸಿ, ಕುಡಿಸಿದ ಮೇಲೆ ತಂಪು, ಅಷ್ಟು ನೆನಪಿಟ್ಟರೆ ಸಾಕು. ಒಂದು ಕಡೆ ಕೆಂಪಗಾಗಿ, ಗಂಟು ಕಟ್ಟಿ, ಚಳಿಜ್ವರ ಬಂದರೆ ಮಾತ್ರ ಎಲೆಕೋಸು, ಅಜ್ಜಿಮದ್ದು ಎಲ್ಲ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ನನಗೊಮ್ಮೆ ಹಾಗಾಗಿತ್ತು. ಆ್ಯಂಟಿಬಯಾಟಿಕ್ ತೆಗೆದುಕೊಂಡೆ. ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ ಅಂತ ಡಾಕ್ಟರೇ ಹೇಳಿದರು.

ಒರತೆ

ನಾಮಕರಣದ ಹೊತ್ತಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. 'ಹಾಲು ಸಾಲ್ತದಾ?' ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಹತ್ತು ಜನ ಕೇಳಿದರೆ ಹನ್ನೊಂದನೆಯ ಸಲ ನಾವೇ ಕೇಳಿಕೊಳ್ಳಲು ಶುರು ಮಾಡುತ್ತೇವೆ. ಕೂಸು ಅತ್ತರೆ ಹಾಲಿಲ್ಲ, ನಿದ್ದೆ ಮಾಡದಿದ್ದರೆ ಹಾಲಿಲ್ಲ, ಸಂಜೆ ರಚ್ಚೆ ಹಿಡಿದರೆ ಹಾಲಿಲ್ಲ. ಆಮೇಲೆ ಅಡುಗೆಮನೆ ಕಟ್ಟೆಯ ಮೇಲೆ ಆ ಡಬ್ಬಿ ಬಂದು ಕೂರುತ್ತದೆ.

ಡಬ್ಬಿ ಹಾಲಿನ ಜಾಹೀರಾತನ್ನು ನಮ್ಮ ದೇಶದಲ್ಲಿ ಟಿವಿಯಲ್ಲಿ ನೋಡುವುದಿಲ್ಲ ಅಲ್ವಾ? 1992ರ ಕಾಯ್ದೆ ಅದಕ್ಕೆ ಕಾರಣ. 2003ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ಶಿಶು ಹಾಲಿನ ಪುಡಿ, ಹಾಲುಣಿಸುವ ಬಾಟಲಿ, ಎರಡರ ಜಾಹೀರಾತೂ ನಿಷಿದ್ಧ. ಡಬ್ಬಿಯ ಮೇಲೆಯೇ ತಾಯಿಹಾಲು ಶ್ರೇಷ್ಠ ಅಂತ ಬರೆದಿರಬೇಕು. ಅಷ್ಟಾದರೂ ಡಬ್ಬಿ ಮನೆಗೆ ಬರುವುದು ನಮ್ಮ ಹೆದರಿಕೆಯ ದಾರಿಯಲ್ಲಿ. ನಿಜವಾಗಿ ಬೇಕಾದ ತಾಯಂದಿರು ಇದ್ದಾರೆ, ಅವರಿಗೆ ಅದು ಜೀವ ಉಳಿಸುವ ಆಹಾರ. ಅವರು ಒಂದು ಕ್ಷಣವೂ ಅಪರಾಧಿಯಂತೆ ತಲೆ ತಗ್ಗಿಸಬೇಕಾಗಿಲ್ಲ. ನನ್ನ ಸಂಕಟ ಸುಮ್ನೆ ಹೆದರಿ ತಂದವರ ಬಗ್ಗೆ, ಯಾಕೆಂದರೆ ನಾನೂ ತಂದಿದ್ದೆ.

ಸಿಸ್ಟರಮ್ಮ ಮತ್ತೆ ಬಂದು ಡಬ್ಬಿ ನೋಡಿದರು, ಬೈಯಲಿಲ್ಲ. 'ಎಷ್ಟು ಸಲ ಉಚ್ಚಿ ಹೊಯ್ತಾನ?' ಅಂತ ಕೇಳಿದರು. ಎಣಿಸಿರಲಿಲ್ಲ. 'ಎಣಸು. ದಿನಕ್ಕ ಆರು, ಅದಕ್ಕಿಂತ ಹೆಚ್ಚು ಆದರೆ ಹಾಲು ಸಾಲ್ತೈತಿ. ಎರಡು ವಾರದೊಳಗ ಹುಟ್ಟಿದಾಗಿನ ತೂಕ ತಿರುಗಿ ಬಂದರೆ ಸಾಲ್ತೈತಿ. ಅಳೋದನ್ನ ಲೆಕ್ಕಕ್ಕ ಹಿಡೀಬ್ಯಾಡ.' ಆಮೇಲೆ ಒಂದು ಮಾತು ಹೇಳಿದರು. ಬೇಸಿಗೆಯಲ್ಲಿ ತುಂಗಭದ್ರೆಯ ಮರಳಲ್ಲಿ ಒರತೆ ತೋಡಿದ್ದು ನೋಡಿದ್ದೀಯಲ್ಲ. ಮೊಗೆದಷ್ಟೂ ಬರುತ್ತದೆ, ಮೊಗೆಯದೆ ಬಿಟ್ಟರೆ ಮರಳು ಮುಚ್ಚುತ್ತದೆ. ಎದೆಹಾಲೂ ಹಾಗೇ. ಹರಿಹರದ ಹೊಳೆಯಲ್ಲಿ ಒರತೆ ನೀರು ಕುಡಿದು ಬೆಳೆದವಳಿಗೆ ಅದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಡಬ್ಬಿ ಹಾಲು ಕೊಟ್ಟ ಒಂದೊಂದು ಹೊತ್ತೂ ನಾನು ಒರತೆ ಮೊಗೆಯದೆ ಬಿಟ್ಟ ಹೊತ್ತು. ರಾತ್ರಿ ಹೊತ್ತು ಹಾಲು ಹುಟ್ಟಿಸುವ ಹಾರ್ಮೋನ್ ಜಾಸ್ತಿ ಇರುತ್ತದೆ. ಹಾಗಾಗಿ ಆ ಎರಡು ಗಂಟೆಯ, ನಾಲ್ಕು ಗಂಟೆಯ ಕುಡಿಸುವಿಕೆಯನ್ನು ಬಿಡಬೇಡ ಅಂದರು.

ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಕೊಬ್ಬರಿ-ಅಂಟಿನ ಉಂಡೆ ಎಲ್ಲ ತಿಂದೆ. ಬಿಸಿಬಿಸಿಯಾಗಿ ಯಾರೋ ಬಡಿಸಿ, ತಿನ್ನುವವರೆಗೆ ಕೂಸನ್ನು ಎತ್ತಿಕೊಂಡಿರುತ್ತಿದ್ದರಲ್ಲ, ಆ ಊಟದ ಗುಣ ದೊಡ್ಡದು. ಪುಡಿಯ ಡಬ್ಬಿ ಕೂಸನ್ನು ಎತ್ತಿಕೊಳ್ಳುವುದಿಲ್ಲ.

ಸ್ಟೋರ್ ರೂಮು ಮತ್ತು ಒಳಲೆ

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆದಮೇಲೆ ಹೆರಿಗೆ ರಜೆ 26 ವಾರ. ಅದಕ್ಕೂ ಮುಂಚೆ 12 ವಾರ ಇತ್ತು. ನನಗೆ ಕಾಲು ಊದಿಕೊಂಡು ಐದು ವಾರ ಮೊದಲೇ ರಜೆ ಹಾಕಿದ್ದರಿಂದ ಮಗನಿಗೆ 21 ವಾರ ತುಂಬುವಾಗ ಬೆಂಗಳೂರಿನ ಆಫೀಸಿಗೆ ವಾಪಸ್ಸು ಹೋಗಬೇಕಾಯಿತು. ಆರು ತಿಂಗಳವರೆಗೆ ಬರೀ ಎದೆಹಾಲು ಅಂತಾರೆ. ಇನ್ನೂ ಐದು ವಾರ ಬಾಕಿ. ಈ ಐದು ವಾರಕ್ಕಾಗಿ ಪಂಪು.

ಕರೆಂಟಿನ ಪಂಪ್ ತಂದೆವು. ಮೊದಲ ವಾರ ನೋವೋ ನೋವು. ಎದೆಗೆ ಇಡುವ ಆಲಿಕೆ, ಫ್ಲಾಂಜ್ ಅನ್ನುತ್ತಾರಲ್ಲ, ಅದು ಪಂಪಿನ ಜೊತೆ ಬರುವುದು ಸಾಮಾನ್ಯವಾಗಿ 24 ಮಿಲಿಮೀಟರಿನದು. ನನಗೆ ದೊಡ್ಡದಾಗಿತ್ತು. ಗಂಡ ಸ್ಕೇಲ್ ತಂದು ಅಳೆದು, ಸಣ್ಣದು ಹುಡುಕಿ ತರಿಸಿದ ಮೇಲೆ ನೋವು ಹೋಯಿತು, ಹಾಲೂ ಹೆಚ್ಚು ಬಂತು. ಪಂಪ್ ಕೊಳ್ಳುವವರು ದರ ನೋಡುತ್ತಾರೆ, ಆಲಿಕೆಯ ಅಳತೆ ನೋಡುವುದಿಲ್ಲ. ಇನ್ನೊಂದು ಮಾತು. ಬೇರೆಯವರು ಬಳಸಿದ ಪಂಪ್ ಇಸಿದುಕೊಳ್ಳುವುದು ಬೇಡ. ಮನೆಬಳಕೆಯ ಎಷ್ಟೋ ಪಂಪುಗಳಲ್ಲಿ ಹಾಲಿನ ತೇವ ಒಳಗಿನ ಮೋಟಾರಿನವರೆಗೂ ಹೋಗಬಹುದು, ಅದನ್ನು ತೊಳೆಯಲು ಬರುವುದಿಲ್ಲ.

ಮಗುವಿಗೆ 15 ತಿಂಗಳು ಆಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕು ಅಂತ ಕಾನೂನಿದೆ. ಶಿಶುಪಾಲನಾ ಕೊಠಡಿ ಇರಬೇಕು ಅನ್ನುವುದು 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ. ನಮ್ಮದು ಮೂವತ್ತು ಜನರ ಆಫೀಸು. ಬಿಡುವು ಕೊಟ್ಟರು, ಜಾಗ ಕೊಡಲಿಲ್ಲ. ಬಾತ್‌ರೂಮಿನಲ್ಲಿ ಮಾಡಿಕೊಳ್ಳಿ ಅಂದರು. ನನ್ನ ಮಗನ ಊಟ ಅದು. ಬಾತ್‌ರೂಮಿನಲ್ಲಿ ಯಾರಾದರೂ ಊಟ ತಯಾರು ಮಾಡುತ್ತಾರಾ?

ರಿಸೆಪ್ಷನ್‌ನಲ್ಲಿ ಕೂರುತ್ತಿದ್ದ ಹುಡುಗಿ ಸ್ಟೋರ್ ರೂಮಿನ ಕೀಲಿ ತಂದುಕೊಟ್ಟಳು. ಪೇಪರ್ ಬಂಡಲು, ಹಳೆ ಫೈಲು, ಒಂದು ಮುರಿದ ಕುರ್ಚಿ. ಬಾಗಿಲಿಗೆ ಒಳಗಿನ ಚಿಲಕ ಇರಲಿಲ್ಲ. ಅವಳೇ ಹೊರಗೆ ನಿಂತಳು. ಯಾರಾದರೂ ಬಂದರೆ 'ಐದು ನಿಮಿಷ ಬಿಟ್ಟು ಬನ್ನಿ ಸಾರ್' ಅನ್ನುವ ದನಿ ಕೇಳಿಸುತ್ತಿತ್ತು. ಮೊದಲ ದಿನ ಹತ್ತು ನಿಮಿಷ ಪಂಪ್ ಓಡಿದರೂ ಬಾಟಲಿಯ ತಳ ಕೂಡ ಮುಚ್ಚಲಿಲ್ಲ. ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ಮೈ ಬಿಗಿಯುತ್ತಿತ್ತು. ಹೆದರಿದರೆ ಹಾಲು ಇಳಿಯುವುದಿಲ್ಲ, ಇಳಿಸುವ ಹಾರ್ಮೋನನ್ನು ಹೆದರಿಕೆ ತಡೆದುಬಿಡುತ್ತದೆ. ಅವಳು ಬಾಗಿಲು ಚೂರೇ ಸರಿಸಿ, ಮುಖ ಆ ಕಡೆ ತಿರುಗಿಸಿಕೊಂಡು, ಕೈ ಮಾತ್ರ ಒಳಗೆ ಚಾಚಿ ನನ್ನ ಫೋನ್ ಕೊಟ್ಟಳು. 'ಮೇಡಂ, ನಿಮ್ಮ ಮಗನ ವಿಡಿಯೋ ನೋಡಿ. ನಾನು ಇಲ್ಲೇ ಇದೀನಿ, ಯಾರೂ ಬರಲ್ಲ.' ಬೆಳಗ್ಗೆ ಅಮ್ಮ ಕಳಿಸಿದ್ದ ವಿಡಿಯೋ. ಮಗ ಬೊಗಸೆಯಲ್ಲಿ ತನ್ನ ಪಾದ ಹಿಡಿದುಕೊಂಡು ಏನೋ ಕತೆ ಹೇಳುತ್ತಿದ್ದ. ನೋಡುತ್ತಿದ್ದಂತೆ ಎದೆಯಲ್ಲಿ ಆ ಜುಮ್ಮೆನ್ನುವ ಸೆಳೆತ. ಹನಿಹನಿ ಬೀಳುತ್ತಿದ್ದದ್ದು ಧಾರೆಯಾಯಿತು. ಮದುವೆಯಾಗದ, ಮಕ್ಕಳಿಲ್ಲದ ಆ ಹುಡುಗಿಗೆ ಅದು ಹೇಗೆ ಹೊಳೆಯಿತೋ.

ಹಾಲನ್ನು ಆಫೀಸಿನ ಫ್ರಿಜ್ಜಿನ ಹಿಂಬದಿಗೆ ಇಡುತ್ತಿದ್ದೆ, ಬಾಗಿಲಿನ ತಟ್ಟೆಯಲ್ಲಿ ಅಲ್ಲ, ಅಲ್ಲಿ ತಂಪು ಏರಿಳಿಯುತ್ತದೆ. ಸಂಜೆ ಐಸ್ ಪ್ಯಾಕ್ ಇರುವ ಚೀಲದಲ್ಲಿ ಮನೆಗೆ. ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಈ ಲೆಕ್ಕ ಸುಲಭವಾಗಿ ನೆನಪಿರುತ್ತದೆ. ನಮ್ಮ ಸೆಕೆಗೆ ಆ ನಾಲ್ಕು ಗಂಟೆಯನ್ನೂ ಕಾಯದಿರುವುದು ಒಳ್ಳೆಯದು. ಬಿಸಿ ಮಾಡಲು ಒಲೆಯೂ ಬೇಡ, ಮೈಕ್ರೋವೇವೂ ಬೇಡ, ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು.

ಇಷ್ಟೆಲ್ಲ ಆದರೂ ಮಗ ಬಾಟಲಿ ಮುಟ್ಟಲಿಲ್ಲ. ಮೂರು ಥರದ ನಿಪ್ಪಲ್ ತಂದೆವು, ಮೂರನ್ನೂ ನಾಲಿಗೆಯಿಂದ ತಳ್ಳಿದ. ಊರಿಂದ ಬಂದಿದ್ದ ಅಮ್ಮ ಪೆಟ್ಟಿಗೆಯಿಂದ ಒಳಲೆ ತೆಗೆದಳು. ನನಗೆ ಹಾಲು ಹಾಕಿದ್ದ ಅದೇ ಬೆಳ್ಳಿ ಒಳಲೆ. ಅಂಚಿನಲ್ಲಿ ನನ್ನ ತಮ್ಮ ಕಚ್ಚಿದ ತಗ್ಗು. ಅಜ್ಜಿ ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಬಾಯಿಗೆ ಸುರಿಯುತ್ತಿದ್ದಳಂತೆ. ಅಮ್ಮ ಹಾಗೆ ಮಾಡಲಿಲ್ಲ. ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಕತ್ತಿಗೆ ಅಂಗೈ ಆನಿಸಿ, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ ಕಾಯುತ್ತಿದ್ದಳು. ಒಂದು ಗುಟುಕು ಒಳಗೆ ಹೋದಮೇಲೆ ಇನ್ನೊಂದು. ಅವಸರ ಮಾಡಿದರೆ ನೆತ್ತಿಗೇರುತ್ತದೆ. ಕುಡಿಸಿಯಾದ ಮೇಲೆ ಕುದಿಸಿದರೆ ಪೂರ್ತಿ ಸ್ವಚ್ಛ. ಬಾಟಲಿಯ ನಿಪ್ಪಲಿನ ಹಾಗೆ ಹಾಲು ಅಡಗಿ ಹುಳಿಯುವ ಸಂದುಗಳಿಲ್ಲ.

ಗೆಳತಿಯೊಬ್ಬಳ ಕೂಸು ಏಳು ತಿಂಗಳಿಗೇ ಹುಟ್ಟಿ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿತ್ತು. ನೋಡಲು ಹೋದಾಗ ಅಲ್ಲಿನ ನರ್ಸ್ ಕೈಯಲ್ಲೂ ಒಳಲೆ. ಸ್ಟೀಲಿನದು, ತಮಿಳರು ಪಾಲಾಡೈ ಅನ್ನುವುದು ಇದನ್ನೇ. ಎದೆಗೆ ಬಾಯಿಟ್ಟು ಎಳೆಯುವ ಶಕ್ತಿ ಇಲ್ಲದ ಕೂಸುಗಳಿಗೆ ಅದರಲ್ಲೇ ಕುಡಿಸುತ್ತಾರೆ. ಗೆಳತಿಗೆ ಮೊದಲ ದಿನಗಳಲ್ಲಿ ಹಾಲು ಬರಲಿಲ್ಲ, ಬೇರೆ ತಾಯಂದಿರು ದಾನ ಕೊಟ್ಟ ಹಾಲು ಕೊಟ್ಟರಂತೆ. 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ಹಾಲಿನ ಬ್ಯಾಂಕ್ ಶುರುವಾಯಿತು. ಈಗ ನಮ್ಮ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ಯಾರೋ ಹೆಸರು ಗೊತ್ತಿಲ್ಲದ ಒಬ್ಬಳು ಪಂಪ್ ಹಿಡಿದು ಕೂತದ್ದರಿಂದ ಇನ್ನೊಬ್ಬಳ ಕೂಸು ಉಳಿಯುತ್ತದೆ. ನೆನೆದಾಗೆಲ್ಲ ಮನಸ್ಸು ತುಂಬಿ ಬರುತ್ತದೆ.

ಕಳಿಸಿದ ಉತ್ತರ

ಇಷ್ಟೆಲ್ಲ ಬರೆದಾದ ಮೇಲೆ ನಿನ್ನೆ ರಾತ್ರಿ ಕೊನೆಗೂ ತಂಗಿಗೆ ಉತ್ತರ ಬರೆದೆ. ನೈಟಿ ಆರು ತಗೋ. ಹಳೆ ಪಂಚೆ ಚಿಕ್ಕಮ್ಮನಿಗೆ ಹೇಳಿ ಎತ್ತಿಡಿಸು. ಪಂಪ್ ಈಗಲೇ ಬೇಡ, ಆಫೀಸಿಗೆ ಹೋಗುವ ತಿಂಗಳು ನೋಡೋಣ. ಮುಂದಿನ ಚೆಕಪ್‌ನಲ್ಲಿ ಡಾಕ್ಟರ ಹತ್ತಿರ ಎದೆ ತೋರಿಸಿ ಕೇಳು, ನಾಚಿಕೊಳ್ಳಬೇಡ. ಹೆರಿಗೆ ಆದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಕೊಡಿ ಅಂತ ಮೊದಲೇ ಹೇಳಿಡು. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡ, ಒಳಗೆ ಕರೆದು ಕೂರಿಸಿ ನೀನು ಕುಡಿಸುವುದನ್ನು ತೋರಿಸು. ಕೂಸು ಹುಟ್ಟಿದ ದಿನ ಫೋನ್ ಮಾಡು. ಅವತ್ತೇ ರಾತ್ರಿ ರೈಲು ಹತ್ತಿ ರಾಣೆಬೆನ್ನೂರಿಗೆ ಬರ್ತೀನಿ, ಒಂದು ವಾರ ಇರ್ತೀನಿ.

ಆಮೇಲೆ ಸಿಸ್ಟರಮ್ಮನಿಗೆ ಫೋನ್ ಮಾಡಿದೆ. ಈಗ ಮಗನ ಮನೆಯಲ್ಲಿದ್ದಾರೆ, ಹುಬ್ಬಳ್ಳಿಯಲ್ಲಿ. ಕಿವಿ ಸ್ವಲ್ಪ ಮಂದ. ತಂಗಿಯ ವಿಷಯ ಹೇಳಿ, ಸಿರಿಂಜಿನ ಕೆಲಸ ಇನ್ನೊಮ್ಮೆ ಹೇಳಿಕೊಡಿ ಅಂದೆ. ವಿಡಿಯೋ ಕಾಲ್ ಮಾಡು ಅಂದರು. ಟೇಬಲ್ ಮೇಲೆ ಸಿರಿಂಜು, ಬ್ಲೇಡು ಇಟ್ಟುಕೊಂಡು ಕೂತೆ. ಕನ್ನಡಕ ಹಾಕಿಕೊಂಡು ಪರದೆಗೆ ಮುಖ ಹತ್ತಿರ ತಂದು, 'ತಡಿ, ಕೊಯ್ಯೋಕಿಂತ ಮೊದಲು ಹೇಳು' ಅಂದರು. 'ಯಾವ ಕಡೆ ಎದಿಗೆ?'